ತಡಗೈಯವರು

ಕಲ್ಲು-ಕಾಗದ-ಕತ್ತರಿ ಆಟದಲ್ಲಿ ಮೋಸಕ್ಕೆ ಇರುವುದು ಹೆಚ್ಚುಕಡಿಮೆ ಒಂದೇ ದಾರಿ. ಎದುರಿನವನ ಕೈ ಬಿಚ್ಚಿಕೊಳ್ಳುವವರೆಗೆ ಚೂರು ತಡೆದು, ಆಮೇಲೆ ತನ್ನದನ್ನು ಬಿಚ್ಚುವುದು. ಮೊದಲ ಬ್ಯಾಟಿಂಗ್ ಯಾರಿಗೆ, ಕಿಟಕಿ ಪಕ್ಕದ ಸೀಟು ಯಾರಿಗೆ, ಪಕ್ಕದ ಕಾಂಪೌಂಡಿಗೆ ಬಿದ್ದ ಚೆಂಡನ್ನು ಬೈಸಿಕೊಂಡು ತರುವವರು ಯಾರು ಎಂಬ ವ್ಯಾಜ್ಯಗಳನ್ನೆಲ್ಲ ಮೂರು ಎಣಿಸುವಷ್ಟರಲ್ಲಿ ತೀರಿಸುವ ಈ ನ್ಯಾಯಾಲಯದಲ್ಲಿ ತಡಗೈಯವನೊಬ್ಬ ಇದ್ದೇ ಇರುತ್ತಾನೆ. ಅವನ ಮುಷ್ಟಿಯನ್ನು ಗಮನಿಸಬೇಕು. ಎರಡರ ಎಣಿಕೆಗೆ ಬಿಗಿಯಾಗಿರುತ್ತದೆ. ಮೂರು ಅಂದಾಗ ತೋರುಬೆರಳು ಮಾತ್ರ ಸಡಿಲಗೊಂಡು, ಕಲ್ಲೂ ಅಲ್ಲದ ಕತ್ತರಿಯೂ ಅಲ್ಲದ ಅವಸ್ಥೆಯಲ್ಲಿ ತೂಗಾಡುತ್ತದೆ. ಎದುರಿನ ಅಂಗೈ ಕಂಡದ್ದೇ ತಡ, ನಡುಬೆರಳೂ ಬಂದು ಜತೆಗೂಡುತ್ತದೆ. ‘ಏಯ್, ಲೇಟು! ಇನ್ನೊಂದ್ಸಲ!’ ಎಂದು ಮಕ್ಕಳು ಕೂಗುತ್ತಾರೆ. ತೀರ್ಪು ಅಲ್ಲೇ ರದ್ದು. ಇದೇ ಹುಡುಗ ದೊಡ್ಡವನಾದ ಮೇಲೂ ಇದನ್ನೇ ಮಾಡುತ್ತಾನೆ ಎಂಬುದು ನನ್ನ ವಾದ. ಆದರೆ ಆ ಹೊತ್ತಿಗೆ ನಾವು ಕೂಗುವುದನ್ನು ಬಿಟ್ಟು, ‘ಅನುಭವಸ್ಥರು, ದುಡುಕೋರಲ್ಲ’ ಎಂದು ಅವನಿಗೆ ಕುರ್ಚಿ ಎಳೆದು ಕೊಡುತ್ತಿರುತ್ತೇವೆ.

ಸಾಕ್ಷಿ ಬೇಕಾದವರು ಯಾವುದಾದರೂ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಗೆ ಹೋಗಬಹುದು. ಮೇಂಟೆನೆನ್ಸ್ ಏರಿಸಲು ಒಪ್ಪುವವರು ಕೈ ಎತ್ತಿ ಎಂದಾಗ ಈತನ ಬಲಗೈ ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಎತ್ತಿದವರು ಹೆಚ್ಚಿದ್ದರೆ ಅದು ಮೇಲೇರಿ ಮತವಾಗುತ್ತದೆ. ಕಡಿಮೆಯಿದ್ದರೆ ಕಿವಿ ತುರಿಸಿ ಕೆಳಗಿಳಿಯುತ್ತದೆ. ಕೆಲವು ಸಭೆಗಳಲ್ಲಿ ಪಾಪ, ಕಿವಿ ಕೆಂಪಾಗುವವರೆಗೂ ತುರಿಸಬೇಕಾಗುತ್ತದೆ. ಲಿಫ್ಟಿನಲ್ಲಿ ಗೆದ್ದವರು ಸಿಕ್ಕರೆ ‘ನಾನು ಮೊದಲೇ ಹೇಳಿದ್ದೆ’, ಸೋತವರು ಸಿಕ್ಕರೆ ‘ನನಗೂ ಸರಿ ಕಾಣಲಿಲ್ಲ ಸಾರ್’.

ಕಾದು ನೋಡುವುದೇ ಜಾಣತನವಲ್ಲವೇ ಎಂದು ಕೇಳಬಹುದು. ಟೋಕಿಯೊ ವಿಶ್ವವಿದ್ಯಾಲಯದ ಇಶಿಕಾವಾ ಪ್ರಯೋಗಾಲಯದವರು 2012ರಲ್ಲಿ ಈ ಆಟದಲ್ಲಿ ಸೋಲೇ ಇಲ್ಲದ ಒಂದು ರೋಬೋ ಕೈಯನ್ನು ತೋರಿಸಿದರು. ಅತಿವೇಗದ ಕ್ಯಾಮೆರಾದಿಂದ ಎದುರಿನ ಬೆರಳುಗಳ ಆಕಾರವನ್ನು ಒಂದು ಮಿಲಿಸೆಕೆಂಡಿನಲ್ಲಿ ಹಿಡಿದು, ಮರುಗಳಿಗೆಯಲ್ಲೇ ಅದನ್ನು ಸೋಲಿಸುವ ಕೈ ಬಿಚ್ಚುವುದು ಅದರ ವಿದ್ಯೆ. ಅಂದರೆ ಅದೂ ತಡಗೈಯೇ. ತಡ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಅದರ ಕ್ಯಾಮೆರಾವನ್ನು, ಬೆರಳಿನ ಚುರುಕನ್ನು ಯಾರಾದರೂ ಮೆಚ್ಚುತ್ತಾರೆ, ದೂರದೃಷ್ಟಿಯನ್ನಲ್ಲ. 2005ರಲ್ಲಿ ಮಾಸ್ಪ್ರೊ ಡೆಂಕೊ ಎಂಬ ಜಪಾನಿ ಕಂಪನಿಯ ಚಿತ್ರಸಂಗ್ರಹವನ್ನು ಹರಾಜು ಹಾಕುವ ಹಕ್ಕು ಕ್ರಿಸ್ಟೀಸ್‌ಗೋ ಸೋದಬೀಸ್‌ಗೋ ಎಂಬುದು ಇದೇ ಆಟದಿಂದ ತೀರ್ಮಾನವಾಯಿತು. ಸೆಜಾನ್, ಪಿಕಾಸೊ ಚಿತ್ರಗಳಿದ್ದ, ಸುಮಾರು 2 ಕೋಟಿ ಡಾಲರ್ ಬಾಳುವ ಸಂಗ್ರಹ ಅದು. ಅಲ್ಲಿ ಕೈ ಬೀಸಲಿಲ್ಲ. ಇಬ್ಬರೂ ತಮ್ಮ ಆಯ್ಕೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ಚೀಟಿಯಾದರೆ ಕಿವಿ ತುರಿಸಲು ಅವಕಾಶವೇ ಇಲ್ಲ. ಕ್ರಿಸ್ಟೀಸ್‌ನ ಅಧಿಕಾರಿಯೊಬ್ಬರ ಹನ್ನೊಂದು ವರ್ಷದ ಅವಳಿ ಹೆಣ್ಣುಮಕ್ಕಳು ಹೇಳಿಕೊಟ್ಟ ಕತ್ತರಿ ಸೋದಬೀಸ್‌ನ ಕಾಗದವನ್ನು ಕತ್ತರಿಸಿಹಾಕಿತು. ಎದುರಾಳಿ ಏನು ತೋರಬಹುದೆಂದು ಮುಂಚೆಯೇ ಲೆಕ್ಕ ಹಾಕಿದ್ದು ಆ ಮಕ್ಕಳು. ಜಾಣತನದ ಪಟ್ಟ ಕೊಡುವುದಿದ್ದರೆ ಅವರಿಗೆ ಕೊಡಬೇಕು.

ಸಭೆ ಬೇರೆ, ಆಟ ಬೇರೆ, ನಾಲ್ಕು ಜನರ ಮಾತು ಕೇಳಿ ನಿರ್ಧರಿಸುವುದರಲ್ಲಿ ತಪ್ಪೇನು ಎಂಬ ಇನ್ನೊಂದು ಆಕ್ಷೇಪ ಮೊದಲಿನದಕ್ಕಿಂತ ಗಟ್ಟಿ. ವಾದ ಕೇಳಿ ಮನಸ್ಸು ಬದಲಿಸಿದವರ ಮೇಲೆ ನನ್ನ ತಕರಾರಿಲ್ಲ. ಆದರೆ ನಮ್ಮವನು ಮಾತು ನಡೆಯುವಷ್ಟು ಹೊತ್ತೂ ಮೊಬೈಲಿನಲ್ಲಿದ್ದು, ಕೈ ಎಣಿಸುವಾಗ ಮಾತ್ರ ತಲೆ ಎತ್ತಿದವನು. ಮೇಲಾಗಿ, ಉಳಿದವರು ಹೊತ್ತಿಗೆ ಸರಿಯಾಗಿ ಕೈ ಬಿಚ್ಚಿದರಷ್ಟೇ ಅವನ ತಂತ್ರ ನಡೆಯುವುದು. ಇಬ್ಬರು ತಡಗೈಯವರು ಒಟ್ಟಿಗೆ ದೋಸೆ ತಿನ್ನಲು ಹೋದದ್ದನ್ನು ನೋಡಿ. ಬಿಲ್ಲು ಬಂದಿದೆ, ಇಬ್ಬರ ಕೈಯೂ ಜೇಬಿನೊಳಗಿದೆ, ‘ನಾನ್ ಕೊಡ್ತೀನಿ’, ‘ಛೇ, ನಾನ್ ಕೊಡ್ತೀನಿ’ ಎಂಬ ಮಾತೂ ಜೋರಾಗಿದೆ, ಮಾಣಿ ಮಾತ್ರ ಒರೆಸಿದ ಟೇಬಲನ್ನೇ ಮೂರನೆಯ ಸಲ ಒರೆಸುತ್ತಿದ್ದಾನೆ.