ಓಡಲು ಬಾರದ ಚಪ್ಪಲಿ

ದೂರದ ಓಟ ಕಲಿಯುವವರಿಗೆ ಅಥಣಿ ಚಪ್ಪಲಿಗಿಂತ ಒಳ್ಳೆಯ ಗುರು ಇಲ್ಲ ಎಂಬುದು ನನ್ನ ವಾದ. ಕಾರಣ ಇಷ್ಟೇ: ಅದನ್ನು ಮೆಟ್ಟಿಕೊಂಡು ಓಡಲು ಬರುವುದಿಲ್ಲ. ಹೆಬ್ಬೆರಳಿಗೊಂದು ಉಂಗುಟ, ಪಾದದ ಮೇಲೊಂದು ಅಗಲ ಪಟ್ಟಿ, ಹಿಂದೆ ಬಟಾಬಯಲು. ನಾಲ್ಕು ಹೆಜ್ಜೆ ಬಿರುಸಾಗಿ ಇಟ್ಟಿರೋ, ಹಿಮ್ಮಡಿ ಒಂದು ಊರಿಗೆ, ಚಪ್ಪಲಿ ಇನ್ನೊಂದು ಊರಿಗೆ. ಪೇಟೆಯ ಸ್ಪೋರ್ಟ್ಸ್ ಶೂ ಹಾಗಲ್ಲ; ಅದು ಬಲು ಮುಖಸ್ತುತಿಯ ಪ್ರಾಣಿ. ಕಾಲಿಗೆ ಏರಿದ ಕೂಡಲೇ ‘ನೀವು ಓಡಿಯೇ ಬಿಟ್ಟಿರಿ’ ಎಂದು ಕಿವಿಯಲ್ಲಿ ಉಸುರುತ್ತದೆ. ಅಥಣಿ ಚಪ್ಪಲಿಗೆ ದಾಕ್ಷಿಣ್ಯವಿಲ್ಲ. ‘ಮೊದಲು ನೆಟ್ಟಗೆ ನಡಿ, ಆಮೇಲೆ ನೋಡೋಣ’ ಎನ್ನುತ್ತದೆ. ಎಮ್ಮೆಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿ, ಮೊಳೆ ಬಡಿಯದೆ ತೊಗಲಿನ ದಾರದಲ್ಲೇ ಹೊಲಿದ ಈ ಚಪ್ಪಲಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಸೀಮೆಯಲ್ಲಿ ತಯಾರಾಗಿ ಕೊಲ್ಲಾಪುರದ ಹೆಸರಲ್ಲಿ ಲೋಕ ಸುತ್ತುತ್ತದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಇವೆ. ಆದರೂ ಹೆಸರು ಹೆಸರೇ. ದುಡಿದವನು ಒಬ್ಬ, ಸನ್ಮಾನ ಇನ್ನೊಬ್ಬನಿಗೆ. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಇಂಥದ್ದೇ ಚಪ್ಪಲಿ ತೊಡಿಸಿ ಮಿಲಾನಿನ ವೇದಿಕೆಗೆ ರೂಪದರ್ಶಿಗಳನ್ನು ಕಳಿಸಿದಾಗ ದೊಡ್ಡ ಗದ್ದಲವಾಯಿತು. ಆ ಗದ್ದಲದಲ್ಲಿ ಮುಖ್ಯ ಸಂಗತಿಯನ್ನೇ ಯಾರೂ ಗಮನಿಸಲಿಲ್ಲ: ಅವರೂ ನಡೆದರು, ಓಡಲಿಲ್ಲ.

ನಮ್ಮ ಪರಂಪರೆ ನೋಡಿದರೆ ಪಾದರಕ್ಷೆ ಶ್ರೇಷ್ಠವಾದಷ್ಟೂ ಪಾದದಿಂದ ದೂರ ಹೋಗುತ್ತದೆ. ಭರತ ಅಣ್ಣನ ಪಾದುಕೆಯನ್ನು ತಲೆಯ ಮೇಲೆ ಹೊತ್ತ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಮಾಡಿ ತಂದ ಚಮ್ಮಾವುಗೆಯನ್ನು ಬಸವಣ್ಣನವರು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು ಎನ್ನುತ್ತದೆ ಶರಣರ ಕತೆ. ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಬರುವ ಭಕ್ತರಲ್ಲಿ ಹರಕೆ ಹೊತ್ತವರು ಬರಿಗಾಲವರೇ. ಇನ್ನು ಅವಸರ ಬಿದ್ದಾಗ ಈ ಸೀಮೆಯವನು ಮಾಡುವ ಮೊದಲ ಕೆಲಸ ಕಾಲಾಗಿನದನ್ನು ಕೈಯಾಗ ಹಿಡಿಯುವುದು. ಭಾರತದ ಒಲಿಂಪಿಕ್ ತಂಡದ ಕತೆ ಶುರುವಾದದ್ದೂ ಇಂಥ ಕಾಲುಗಳಿಂದಲೇ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಹೋದ ಸರ್ ದೊರಾಬ್ಜಿ ಟಾಟಾ ಅಲ್ಲಿ ಬರಿಗಾಲಲ್ಲಿ ಓಡುವ ರೈತರ ಮಕ್ಕಳನ್ನು ಕಂಡು, ಇವರನ್ನು ಒಲಿಂಪಿಕ್ಸ್‌ಗೆ ಕಳಿಸಲೇಬೇಕು ಎಂದು ಹಟ ಹಿಡಿದರು. ಮರುವರ್ಷ ಆ್ಯಂಟ್‌ವರ್ಪ್‌ನ ಮ್ಯಾರಥಾನ್‌ನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ 19ನೆಯವರಾಗಿ ಮುಟ್ಟಿದರು. ಗೆದ್ದ ಫಿನ್ಲೆಂಡಿನ ಹಾನೆಸ್ ಕೋಲೆಮೈನೆನ್‌ಗಿಂತ ಹದಿನೆಂಟು ನಿಮಿಷ ತಡ. ಅಂದಿನ ದಾರಿ 42.75 ಕಿ.ಮೀ., ಈಗಿನ ಅಳತೆಗಿಂತ ಅರ್ಧ ಕಿಲೋಮೀಟರು ಹೆಚ್ಚೇ. ಸಾವಿರಾರು ರೂಪಾಯಿಯ ಶೂ ಹಾಕಿಕೊಂಡ ಇಂದಿನ ಹವ್ಯಾಸಿಗಳಲ್ಲಿ ಬಹುಪಾಲು ಜನಕ್ಕೆ ಆ ಸಮಯ ಇವತ್ತಿಗೂ ಕನಸು.

‘ಹಾಗಾದರೆ ಬಿಕಿಲಾನ ಕತೆ ಏನು?’ ಎಂದು ಓಟ ಬಲ್ಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮ್‌ನ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ, 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಗೆದ್ದ; ಶೂ ಹಾಕಿದಾಗ ಮೂರು ನಿಮಿಷ ಬೇಗ ಬಂದ. 2019ರಲ್ಲಿ ವಿಯೆನ್ನಾದಲ್ಲಿ ಎಲಿಯಡ್ ಕಿಪ್ಚೋಗೆ ಎರಡು ಗಂಟೆಯೊಳಗೆ ಮುಗಿಸಿದಾಗಲೂ ಕಾಲಲ್ಲಿ ಇದ್ದದ್ದು ಹೊಸ ಬಗೆಯ ಶೂ. ಬರಿಗಾಲ ಓಟದ ಹುಚ್ಚು ಅಮೆರಿಕದಲ್ಲಿ ಎದ್ದಾಗ ಬೆರಳು ಬೆರಳಿಗೂ ಚೀಲವಿದ್ದ ಶೂ ಮಾರಿದ ವೈಬ್ರಮ್ ಕಂಪನಿ ಆರೋಗ್ಯದ ಬಗ್ಗೆ ಆಡಿದ ಮಾತಿಗಾಗಿ 2014ರಲ್ಲಿ ಗಿರಾಕಿಗಳಿಗೆ ಹಣ ಮರಳಿಸಲು ಒಪ್ಪಬೇಕಾಯಿತು. ಇದೆಲ್ಲ ಒಪ್ಪಿದೆ. ಶೂ ಎಸೆಯಿರಿ ಎಂದು ನಾನು ಹೇಳುತ್ತಲೇ ಇಲ್ಲ. ಬರಿಗಾಲೇ ಪರಮಪದ ಎಂದು ಹೇಳುವುದಕ್ಕೆ ಈ ಸೀಮೆಯ ಎರೆಹೊಲ, ಕಬ್ಬಿನ ಕೂಳೆ, ಏಪ್ರಿಲ್ ತಿಂಗಳ ಡಾಂಬರು ಬಿಡುವುದೂ ಇಲ್ಲ. ಅದರ ಮೇಲೆ ಜಾಲಿಮುಳ್ಳು: ಚಪ್ಪಲಿಯ ತೊಗಲು ಹದ ಮಾಡಲು ತೊಗಟೆ ಕೊಡುವ ಮರವೇ ಆ ಚಪ್ಪಲಿ ಬೇಕೆನ್ನಿಸುವ ಮುಳ್ಳನ್ನೂ ಕೊಡುತ್ತದೆ. ಇಂಥ ಚತುರ ವ್ಯಾಪಾರಿ ನಿಪ್ಪಾಣಿಯ ತಂಬಾಕು ಪೇಟೆಯಲ್ಲೂ ಸಿಗಲಿಕ್ಕಿಲ್ಲ.

ಇನ್ನೊಂದು ಆಕ್ಷೇಪ ಮೆಕ್ಸಿಕೋದಿಂದ ಬರುತ್ತದೆ. ಅಲ್ಲಿನ ತರಾಹುಮಾರ ಜನ ಹಳೆಯ ಟೈರು ಕತ್ತರಿಸಿ ಮಾಡಿದ ಚಪ್ಪಲಿಯಲ್ಲೇ ಬೆಟ್ಟಗುಡ್ಡ ಓಡುತ್ತಾರೆ, ಅಥಣಿಯದಕ್ಕೇನು ಧಾಡಿ? ಧಾಡಿ ಇಲ್ಲ, ದಾರವಿಲ್ಲ. ಅವರು ಚಪ್ಪಲಿಯನ್ನು ಕಾಲಗಂಟಿಗೆ ಕಟ್ಟಿಹಾಕುತ್ತಾರೆ. ನಮ್ಮದು ಸ್ವತಂತ್ರ, ಇಷ್ಟವಿದ್ದರೆ ಬರುತ್ತದೆ. ‘ನಡೆಯುವುದು ಬೇರೆ, ಓಡುವುದು ಬೇರೆ, ನಡಿಗೆ ಕಲಿಸುವ ಚಪ್ಪಲಿ ಓಟಕ್ಕೆ ಹೇಗೆ ಗುರು?’ ಎಂಬುದೇ ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ಹೀಗೆ ಕೇಳುವವರು ಯಾವುದಾದರೂ ಮ್ಯಾರಥಾನಿನ ಕೊನೆಯ ಹತ್ತು ಕಿಲೋಮೀಟರಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತು ನೋಡಬೇಕು. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಜೆಫ್ ಗ್ಯಾಲೊವೆ ಓಟದ ನಡುನಡುವೆ ನಡೆಯುವುದನ್ನೇ ಒಂದು ಪದ್ಧತಿ ಮಾಡಿ ಕಲಿಸಿದರು. ಹೊಸಬರ ಮೊಣಕಾಲು, ಮೀನಖಂಡ ಕೈಕೊಡುವುದು ಬಹುಮಟ್ಟಿಗೆ ಮೊದಲ ವಾರವೇ ಮೂರು ತಿಂಗಳದಷ್ಟು ಓಡುವ ಆತುರದಿಂದ. ಆ ಆತುರಕ್ಕೆ ಮದ್ದು ಈ ಚಪ್ಪಲಿಯಲ್ಲಿದೆ. ಹೊಸದಿರುವಾಗ ಅದು ಕಚ್ಚುತ್ತದೆ. ಎಣ್ಣೆ ಹಚ್ಚಬೇಕು, ಮನೆಯೊಳಗೆ ಹತ್ತು ಹೆಜ್ಜೆ, ನಾಳೆ ಅಂಗಳದವರೆಗೆ, ನಾಡಿದ್ದು ಬಸ್‌ಸ್ಟ್ಯಾಂಡಿನವರೆಗೆ, ಹೀಗೆ ಒಗ್ಗಿಸಬೇಕು. ಸಂಯಮ ತಪ್ಪಿದರೆ ಉಂಗುಟದ ಬಳಿ ಬೆರಳು ಸುಲಿಯುತ್ತದೆ. ಒಗ್ಗಿದ ಮೇಲೆ ಪಾದದ ಅಚ್ಚೇ ಅದರ ಮೇಲೆ ಮೂಡಿ, ವರ್ಷಗಟ್ಟಲೆ ಬಿಟ್ಟುಹೋಗುವುದಿಲ್ಲ. ತರಬೇತಿ ಎಂದು ಕೋಚ್‌ಗಳು ಹಣ ಪಡೆದು ಹೇಳುವುದು ಇದನ್ನೇ, ಎಣ್ಣೆಯೊಂದನ್ನು ಬಿಟ್ಟು. ಅಷ್ಟಾದ ಮೇಲೂ ಕಾಗವಾಡದ ರಸ್ತೆಯಲ್ಲಿ ಬೆಳಗಿನ ಜಾವ ಓಡುವವರನ್ನು ಕಬ್ಬಿನ ಟ್ರ್ಯಾಕ್ಟರಿನವನು ನಿಲ್ಲಿಸಿ ‘ಯಾಕ್ರೀ, ಬಸ್ ತಪ್ಪೈತೇನು? ಹತ್ರಿ’ ಎಂದು ಕರೆದರೆ ಅದಕ್ಕೆ ಉತ್ತರ ಯಾವ ಗುರುವಿನ ಬಳಿಯೂ ಇಲ್ಲ.

ಓಟ ಮುಗಿದ ಮೇಲಂತೂ ಈ ಚಪ್ಪಲಿಗೆ ಸರಿಸಾಟಿ ಇಲ್ಲ. 42 ಕಿಲೋಮೀಟರು ಶೂ ಒಳಗೆ ಬೆಂದ ಬೆರಳು ಬೊಬ್ಬೆ ಎದ್ದು, ಉಗುರು ಕಪ್ಪಾಗಿ, ಗಾಳಿ ಬೆಳಕಿಗೆ ಹಾತೊರೆಯುತ್ತಿರುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ ಓಟದ ಸ್ಪರ್ಧೆ ಏರ್ಪಡಿಸುವ ಮಹನೀಯರಲ್ಲಿ ಅದಕ್ಕೇ ಒಂದು ಬಿನ್ನಹ: ಗೂಡಿನಲ್ಲಿಟ್ಟು ಮರೆಯುವ ಪದಕ, ಆಮೇಲೆ ಕಾರು ಒರೆಸುವ ಟೀ ಶರ್ಟು ಸಾಕು. ಕೊನೆಯ ಗೆರೆ ದಾಟಿದವರಿಗೆಲ್ಲ ಒಂದೊಂದು ಜೋಡಿ ಅಥಣಿ ಚಪ್ಪಲಿ ಕೊಡಿ, ಹೊಲಿದವರಿಗೆ ಸರಿಯಾದ ಬೆಲೆ ಕೊಟ್ಟು ತಂದು. ಅಳತೆಯನ್ನು ಮಾತ್ರ ಓಟ ಮುಗಿದ ಮೇಲೆ ತೆಗೆಯಿರಿ. ಆಗ ಕಾಲು ಒಂದು ನಂಬರು ಊದಿರುತ್ತದೆ.