ಹಾಸಿದವನೇ ಒಡೆಯ: ನಾಲ್ಕು ತಾಲ್ಲೂಕುಗಳ ಟವೆಲ್ ಮೀಮಾಂಸೆ

1974ರಲ್ಲಿ ಎರಡು ಮಹತ್ವದ ಘಟನೆಗಳು ಜರುಗಿದವು. ಪ್ಯಾರಿಸ್ಸಿನಲ್ಲಿ ಆನ್ರಿ ಲಫೆವ್ರ ಎಂಬ ಪಂಡಿತರು, ಜಾಗವೆಂಬುದು ತಾನಾಗಿ ಬಿದ್ದಿರುವುದಿಲ್ಲ, ಸಮಾಜವೇ ಅದನ್ನು ತಯಾರಿಸುತ್ತದೆ ಎಂದು ದಪ್ಪ ಪುಸ್ತಕ ಪ್ರಕಟಿಸಿದರು. ಅದೇ ವರ್ಷ ಮಾರ್ಚ್ 1ರಿಂದ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರ ಸರ್ಕಾರ ಗೇಣಿ ಜಮೀನನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡು ಉಳುವವನನ್ನೇ ಒಡೆಯನನ್ನಾಗಿಸಲು ಹೊರಟಿತು. ಈ ಎರಡು ಮಹಾಪ್ರವಾಹಗಳ ಸಂಗಮ ಎಲ್ಲಾಯಿತೆಂಬ ಬಗ್ಗೆ ವಿದ್ವಾಂಸರು ಇದುವರೆಗೆ ತುಟಿ ಬಿಚ್ಚಿಲ್ಲ. ಅದು ಹುಣಸೂರು ಬಸ್ ನಿಲ್ದಾಣದಲ್ಲಾಯಿತು ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಪಾದನೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಹಾರುವ ಟವೆಲ್ಲೇ ಇದಕ್ಕೆ ಶಾಸನಾಧಾರ.

ಪ್ರಯೋಗವಿಧಿ ಹೀಗಿದೆ. ಕೆಂಪು ಬಸ್ಸು ನಿಲ್ದಾಣದೊಳಕ್ಕೆ ತಿರುಗುತ್ತಿದ್ದಂತೆ ಸಾಧಕನು ಅದರ ಜೊತೆಜೊತೆಗೇ ಓಡುತ್ತ, ಒಂದು ಕೈಯಲ್ಲಿ ಗಾಜು ಸರಿಸಿ, ಇನ್ನೊಂದು ಕೈಯಲ್ಲಿ ಹೆಗಲ ಮೇಲಿನ ವಸ್ತ್ರವನ್ನು ಒಳಗೆ ಎಸೆಯತಕ್ಕದ್ದು. ಉದ್ದಕ್ಕೆ ಬಿದ್ದರೆ ಮೂವರಿಗೆ, ಮುದ್ದೆಯಾಗಿ ಬಿದ್ದರೆ ಒಬ್ಬರಿಗೆ. ಆಮೇಲೆ ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಹತ್ತುವಾಗ ಆತ ನಿಶ್ಚಿಂತೆಯಿಂದ ಟೀ ಕುಡಿಯಬಹುದು. ಟವೆಲ್ ಇಲ್ಲದವರು ಕರ್ಚೀಫು, ಕೊಡೆ, ಊಟದ ಡಬ್ಬಿ ಬಳಸುತ್ತಾರೆ. ಹೊಗೆಸೊಪ್ಪು ಹರಾಜು ಮುಗಿಸಿ ಬಂದವರು ಮಾತ್ರ ಕೈಚೀಲ ಎಸೆಯುವುದಿಲ್ಲ, ಕಾರಣ ಊಹಿಸಬಹುದು. ಕೂಸನ್ನೇ ಕಿಟಕಿಯಿಂದ ಒಳಬಿಡುವ ಪದ್ಧತಿಯೂ ಉಂಟು. ಇದನ್ನು ನಾವು ಸಜೀವ ಟವೆಲ್ ಎಂದು ವರ್ಗೀಕರಿಸಿದ್ದೇವೆ. ಅಳುವುದರಿಂದ ಇದು ದಾಖಲೆಯಾಗಿ ಹೆಚ್ಚು ಪ್ರಬಲ.

ಅರಸರ ಕಾಲದಲ್ಲಿ ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಅದಕ್ಕೆ ಕಡೇ ದಿನ 1979ರ ಜೂನ್ 30. ಇಲ್ಲಿ ಟವೆಲ್ಲೇ ನಮೂನೆ 7, ಕಂಡಕ್ಟರ್ ‘ರೈಟ್’ ಅನ್ನುವುದೇ ಕಡೇ ಗಳಿಗೆ. ಭೂನ್ಯಾಯ ಮಂಡಳಿಯೂ ಆತನೇ. ಆ ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಇಲ್ಲಿ ಬಸ್ಸಿನ ತುಂಬ ವಕೀಲರೇ. “ಸೀಟೇನು ನಿಮ್ಮಪ್ಪಂದಾ?” ಎಂಬುದು ವಾದಪತ್ರ. “ಟವಲ್ ನಮ್ಮಪ್ಪಂದೇ” ಎಂಬುದು ಪ್ರತಿವಾದ.

ಪ್ರಾದೇಶಿಕ ಭೇದಗಳನ್ನು ಗಮನಿಸಬೇಕು. ಕೃಷ್ಣರಾಜನಗರಕ್ಕೆ ರೈಲೂ ಉಂಟಾದ್ದರಿಂದ ಅಲ್ಲಿನವರ ಟವೆಲ್ಲಿಗೆ ಸೀಟಿನ ಜೊತೆಗೆ ಬೆಂಚಿನ ಅಭ್ಯಾಸವೂ ಇದೆ. ಪಿರಿಯಾಪಟ್ಟಣದಾಚೆ ಬೈಲಕುಪ್ಪೆಯಲ್ಲಿ ಹತ್ತುವ ಟಿಬೆಟನ್ ಭಿಕ್ಷುಗಳ ಮೈಮೇಲೆ ಐದಾರು ಟವೆಲ್ಲಿಗಾಗುವಷ್ಟು ಬಟ್ಟೆಯಿದ್ದರೂ ಅದರ ಒಂದು ಸೆರಗನ್ನೂ ಹಾಸದೆ ಕುಶಾಲನಗರದವರೆಗೆ ನಿಂತೇ ಹೋಗುತ್ತಾರೆ. ಇದಕ್ಕೆ ಬೌದ್ಧರ ಶೂನ್ಯವಾದ ಕಾರಣವೋ, ಕುಶಾಲನಗರ ಹತ್ತಿರವಿರುವುದೋ, ಚರ್ಚಾಸ್ಪದ. ಟವೆಲ್ ತಾಲ್ಲೂಕು ದಾಟುವುದೂ ಉಂಟು. ಕೆ.ಆರ್. ನಗರದ ಎ.ಎಚ್. ವಿಶ್ವನಾಥ್ 2018ರಲ್ಲಿ ಹುಣಸೂರಿನಲ್ಲಿ ಹಾಸಿ ಸೀಟು ಹಿಡಿದರು. 2019ರ ಉಪಚುನಾವಣೆಯಲ್ಲಿ ಟವೆಲ್ಲಿನ ಬಣ್ಣ ಬದಲಾಯಿಸಿ ಹಾಸಲು ಹೋದಾಗ ಎಚ್.ಪಿ. ಮಂಜುನಾಥ್ ಬಂದು ಕೂತುಬಿಟ್ಟರು.

ನಮ್ಮ ಸಿದ್ಧಾಂತಕ್ಕೆ ತೊಡಕು ಬಂದದ್ದು ಹೆಗ್ಗಡದೇವನಕೋಟೆಯಲ್ಲಿ. ನಾಗರಹೊಳೆ ಕಾಡಿನಿಂದ ಎಬ್ಬಿಸಲ್ಪಟ್ಟ ಜೇನುಕುರುಬರು ಅಲ್ಲಿ ತಲೆಮಾರುಗಳಿಂದ ಕೂತೇ ಇದ್ದರು. ಕೂತವರು ಟವೆಲ್ ಯಾಕೆ ಹಾಸುತ್ತಾರೆ? ಈಗ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಜಾಗ ಕೇಳಲು ಹೋದರೆ, ಕೂತಿದ್ದಕ್ಕೆ ಪುರಾವೆ ತನ್ನಿ ಎನ್ನುತ್ತಾರೆ. ಈ ಅಂಶ ಪ್ರಬಂಧದ ವ್ಯಾಪ್ತಿ ಮೀರಿದ್ದರಿಂದ ತೆಗೆಯಬೇಕೆಂದು ಮಾರ್ಗದರ್ಶಕರು ಸೂಚಿಸಿದ್ದಾರೆ. ಓದುಗರು ತೆಗೆದಿದೆಯೆಂದೇ ಭಾವಿಸತಕ್ಕದ್ದು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ತಪ್ಪಿದ ಮೇಲೆ ಟವೆಲ್ ಯುಗ ಬಿಕ್ಕಟ್ಟಿಗೆ ಸಿಲುಕಿದೆ. ಅರ್ಧ ಸೀಟು ಗಂಡಸರಿಗೆ ಮೀಸಲು ಎಂದು ಆದೇಶವಿದೆ. ಮೀಸಲಾತಿ ಎಂದರೆ ಮೂಗು ಮುರಿಯುತ್ತಿದ್ದ ಮಹನೀಯರು ಈಗ ಅದನ್ನು ಬಾಯಿಪಾಠ ಒಪ್ಪಿಸುತ್ತಾರೆ. ಕ್ಷೇತ್ರಕಾರ್ಯದಲ್ಲಿ ದಾಖಲಾದ ಒಂದು ಪ್ರಕರಣ: ಹುಣಸೂರಿನಲ್ಲಿ ಹತ್ತಿದ ಅಜ್ಜಿಯೊಬ್ಬರು ಕಿಟಕಿಯ ಸೀಟಿನಲ್ಲಿ ವಿಧಿವತ್ತಾಗಿ ಹಾಸಿದ್ದ ಟವೆಲ್ಲನ್ನು ಎತ್ತಿ, ಅದರಲ್ಲೇ ಸೀಟನ್ನು ಮೂಲೆಮೂಲೆ ಒರೆಸಿ, ಗಾಜಿನ ಕೆಳಗಿನ ಕಂಬಿಯನ್ನೂ ತಿಕ್ಕಿ, ಕೂತು, ಎಲೆಅಡಿಕೆ ಸಂಚಿ ಬಿಚ್ಚಿದರು. ಅಷ್ಟರಲ್ಲಿ ಹಕ್ಕುದಾರ ಟೀ ಮುಗಿಸಿ ಬಂದ.

“ತಕೊ ಕಣಪ್ಪ ನಿನ್ ಟವಲ್ಲ. ಸೀಟೆಲ್ಲ ಧೂಳಿತ್ತು, ಒರ್ಸಿವ್ನಿ.”