ಮೌನಮೀಮಾಂಸೆ ಅಥವಾ ಆಡಿಯೋ ಇಂಟರ್‌ಫೇಸ್ ರೋಗನಿದಾನ

ಆಡಿಯೋ ಇಂಟರ್‌ಫೇಸ್ ಎಂಬುದು ಮನೆಯ ಕಂಪ್ಯೂಟರಿಗೂ ಮನೆಯ ಗಾಯಕರಿಗೂ ನಡುವೆ ಕೂತಿರುವ ಒಂದು ಪುಟ್ಟ ಡಬ್ಬಿ. ಮೈಕಿನಿಂದ ಬಂದ ವಿದ್ಯುತ್ತಿನ ಅಲೆಯನ್ನು ಅಂಕಿಗಳಾಗಿಸಿ ಯುಎಸ್‌ಬಿ ಕೇಬಲ್ಲಿನಲ್ಲಿ ಕಳಿಸುವುದು, ಕಂಪ್ಯೂಟರಿನ ಅಂಕಿಗಳನ್ನು ಮರಳಿ ಅಲೆಯಾಗಿಸಿ ಹೆಡ್‌ಫೋನಿಗೆ ಕೊಡುವುದು, ಇವೆರಡೂ ಇದರ ನಿತ್ಯಕರ್ಮ. ಎರಡನ್ನೂ ಮಾಡದ ಸ್ಥಿತಿಗೆ ರೋಗವೆಂದು ಹೆಸರು. ಒಂದನ್ನಷ್ಟೇ ಮಾಡುವ ಸ್ಥಿತಿಗೂ ಅದೇ ಹೆಸರು. ಎರಡನ್ನೂ ಸರಿಯಾಗಿ ಮಾಡುತ್ತಿದ್ದರೆ ಕಂಪ್ಯೂಟರ್ ಇನ್ನೂ ಅಪ್‌ಡೇಟ್ ಆಗಿಲ್ಲವೆಂದು ತಿಳಿಯತಕ್ಕದ್ದು.

1. ರೋಗಭೇದ

ಈ ಡಬ್ಬಿಗೆ ತಗಲುವ ರೋಗಗಳು ಐದು: ಮೌನ, ಗುಂಯ್‌ಕಾರ, ಚಟಪಟ, ವಿಳಂಬ ಮತ್ತು ಶ್ರುತಿಭ್ರಂಶ. 'ನಿನ್ನೆ ರಾತ್ರಿ ಸರಿಯಾಗೇ ಇತ್ತು' ಎಂಬುದನ್ನು ಆರನೆಯದಾಗಿ ಎಣಿಸುವವರಿದ್ದಾರೆ. ಅದು ರೋಗವಲ್ಲ, ಐದೂ ರೋಗಗಳಲ್ಲಿ ರೋಗಿಯ ಕಡೆಯವರು ಆಡುವ ಮೊದಲ ಮಾತು. ಐದರಲ್ಲೂ ರೋಗ ಡಬ್ಬಿಯದು, ನರಳುವವರು ಮನೆಯವರು.

2. ಮೌನ

ಮೌನ ಮೂರು ಬಗೆ. ಡಬ್ಬಿ ಕಂಪ್ಯೂಟರಿನ ಕಣ್ಣಿಗೇ ಬೀಳದಿರುವುದು ಪೂರ್ಣಮೌನ. ಕಣ್ಣಿಗೆ ಬಿದ್ದರೂ ಮಾತಾಡಿಸಿಕೊಳ್ಳದಿರುವುದು ಉಪೇಕ್ಷಾಮೌನ. ಮೈಕಿನ ಮಾತು ಡಬ್ಬಿಗೇ ತಲುಪದಿರುವುದು ಮೂಲಮೌನ.

ಪೂರ್ಣಮೌನದ ಮುಖ್ಯ ಕಾರಣ ಕೇಬಲ್. ಮೊಬೈಲ್ ಚಾರ್ಜಿಗೆಂದೇ ಹುಟ್ಟಿದ ಕೆಲವು ಕೇಬಲ್ಲುಗಳಲ್ಲಿ ಕರೆಂಟು ಹರಿಯುವ ತಂತಿ ಇರುತ್ತದೆ, ಮಾಹಿತಿ ಹರಿಯುವ ತಂತಿ ಇರುವುದಿಲ್ಲ. ಹೊರನೋಟಕ್ಕೆ ಎರಡು ಜಾತಿಯೂ ಒಂದೇ. ಡಬ್ಬಿಯ ದೀಪ ಬೆಳಗುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ, ಕಂಪ್ಯೂಟರಿಗೆ ಏನೂ ಆಗುವುದಿಲ್ಲ. ಎರಡನೆಯ ಕಾರಣ ಹಬ್. ಯುಎಸ್‌ಬಿ 2.0 ಪೋರ್ಟು 5 ಓಲ್ಟಿನಲ್ಲಿ ಕೊಡಬೇಕಾದದ್ದು 500 ಮಿಲಿಆಂಪಿಯರ್ ಮಾತ್ರ. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಅಷ್ಟನ್ನೇ ಕೀಬೋರ್ಡಿಗೂ ಮೌಸಿಗೂ ಮೇಜಿನ ಪುಟ್ಟ ಫ್ಯಾನಿಗೂ ಹಂಚುತ್ತದೆ. ಪಂಕ್ತಿಯ ಕೊನೆಗೆ ಕೂತ ಇಂಟರ್‌ಫೇಸಿಗೆ ಬರಿ ಎಲೆ. ಅದನ್ನು ನೇರವಾಗಿ ಕಂಪ್ಯೂಟರಿನ ಪೋರ್ಟಿಗೆ ಚುಚ್ಚುವುದೇ ಇದಕ್ಕೆ ಚಿಕಿತ್ಸೆ.

ಮೂರನೆಯ ಕಾರಣ ಡ್ರೈವರ್, ಇದಕ್ಕೆ ಇತಿಹಾಸವಿದೆ. ಯುಎಸ್‌ಬಿ ಆಡಿಯೋ ಕ್ಲಾಸ್ 2.0 ಎಂಬ ನಿಯಮಾವಳಿ ಪ್ರಕಟವಾದದ್ದು 2006ರಲ್ಲಿ. ಅದನ್ನು ವಿಂಡೋಸ್ ತಾನಾಗಿಯೇ ಅರ್ಥಮಾಡಿಕೊಂಡದ್ದು 2017ರಲ್ಲಿ, ವಿಂಡೋಸ್ 10ರ 1703ನೆಯ ಆವೃತ್ತಿಯಲ್ಲಿ. ಈ ಅಂತರದಲ್ಲಿ ಹಲವು ತಯಾರಕರು ತಮ್ಮದೇ ಡ್ರೈವರನ್ನು ಡಬ್ಬಿಯ ಜೊತೆ ಕಳಿಸಿದರು. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಆಸಿಯೋ ಎಂಬ ಡ್ರೈವರ್ ಪದ್ಧತಿ ಬೇಕೆನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರುಗಳಿಗಾಗಿ ಇಂದಿಗೂ ಆ ಡ್ರೈವರುಗಳನ್ನು ಹಾಕಬೇಕಾಗುವುದುಂಟು.

ಉಪೇಕ್ಷಾಮೌನ ಅಪ್‌ಡೇಟಿನ ಮರುದಿನ ಪ್ರಕಟವಾಗುವುದುಂಟು. ಆಗ ಕಂಪ್ಯೂಟರ್ ತನ್ನ ಡೀಫಾಲ್ಟ್ ಸಾಧನವನ್ನು ಬದಲಿಸಿ, ಎಚ್‌ಡಿಎಂಐ ಕೇಬಲ್ಲಿನ ತುದಿಯಲ್ಲಿರುವ, ಸ್ಪೀಕರೇ ಇಲ್ಲದ ಮಾನಿಟರಿಗೆ ಇಡೀ ಕಚೇರಿಯನ್ನು ಶ್ರದ್ಧೆಯಿಂದ ಕೇಳಿಸುತ್ತಿರುತ್ತದೆ. ಮೈಕ್ ಬಳಸಲು ಸಾಫ್ಟ್‌ವೇರಿಗೆ ಅನುಮತಿ ಇದೆಯೇ ಎಂಬುದನ್ನೂ ಪ್ರೈವೆಸಿ ಸೆಟ್ಟಿಂಗಿನಲ್ಲಿ ನೋಡತಕ್ಕದ್ದು. ಅನುಮತಿ ಇಲ್ಲದಿದ್ದರೆ ಗಾಯಕರ ಗುಟ್ಟು ಗಾಯಕರಿಂದಲೂ ಸುರಕ್ಷಿತವಾಗಿರುತ್ತದೆ.

ಮೂಲಮೌನಕ್ಕೆ ಕಾರಣ ಫ್ಯಾಂಟಮ್ ಪವರ್, ಅಂದರೆ ಡಬ್ಬಿ ಮೈಕಿನ ಕೇಬಲ್ಲಿನಲ್ಲೇ ಮೈಕಿಗೆ ಉಣಿಸುವ ಕರೆಂಟು, ಇಲ್ಲದಿರುವುದು. ಸ್ಟುಡಿಯೋ ಮಾದರಿಯ ಕಂಡೆನ್ಸರ್ ಮೈಕಿಗೆ 48 ಓಲ್ಟ್ ಬೇಕು. ಸಭೆಗಳಲ್ಲಿ ಕಾಣುವ ಡೈನಮಿಕ್ ಮೈಕಿಗೆ ಬೇಡ. ಈ 48 ಯಾವ ಋಷಿಗೂ ಹೊಳೆದ ಸಂಖ್ಯೆಯಲ್ಲ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ಬಾನುಲಿ ಸಂಸ್ಥೆಗೆ ಟ್ರಾನ್ಸಿಸ್ಟರ್ ಮೈಕು ಒದಗಿಸಿದಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗಾಗಿ 48 ಓಲ್ಟ್ ಆಗಲೇ ಇತ್ತು. ಇದ್ದದ್ದನ್ನೇ ಬಳಸಿದರು, ಅದೇ ರೂಢಿಯಾಯಿತು. ಇಂದು ಬಸವನಗುಡಿಯ ಮಹಡಿಕೋಣೆಯಲ್ಲಿ ಭಾವಗೀತೆ ಹಾಡುವವರ ಮೈಕಿಗೂ ನಾರ್ವೆಯ ಎಮರ್ಜೆನ್ಸಿ ಲೈಟಿನದೇ ಓಲ್ಟೇಜು. ಡಬ್ಬಿಯ ಮೇಲೆ '48ವಿ' ಎಂದು ಬರೆದ ಗುಂಡಿಯನ್ನು ಒತ್ತಿದರೆ ರೋಗ ಗುಣವಾಗುತ್ತದೆ. ಅದರ ಪಕ್ಕದ ಗೇನ್ ನಾಬು ಸೊನ್ನೆಯಲ್ಲಿದ್ದರೆ ಗುಣವಾಗುವುದಿಲ್ಲ.

3. ಗುಂಯ್‌ಕಾರ

ಭಾರತದ ಕರೆಂಟು 230 ಓಲ್ಟ್, 50 ಹರ್ಟ್ಸ್. ಆದುದರಿಂದ ಇಲ್ಲಿನ ಗುಂಯ್‌ಕಾರವೂ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು 100ರಲ್ಲಿ ಕೇಳುತ್ತದೆ. ಹಾಡುವವರ ಶ್ರುತಿ ಯಾವುದೆಂದು ಅದು ವಿಚಾರಿಸುವುದಿಲ್ಲ. ಕಂಪ್ಯೂಟರ್ ಒಂದು ಸಾಕೆಟ್ಟಿನಿಂದ, ಸ್ಪೀಕರ್ ಇನ್ನೊಂದು ಸಾಕೆಟ್ಟಿನಿಂದ ಅರ್ತಿಂಗ್ ಪಡೆದು, ನಡುವೆ ಆಡಿಯೋ ಕೇಬಲ್ ಸೇರಿಕೊಂಡಾಗ ಆಗುವ ಸುತ್ತು ಇದರ ಸಾಮಾನ್ಯ ಕಾರಣ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದಾಗ ಗುಂಯ್‌ಕಾರ ನಿಂತರೆ ನಿದಾನ ಮುಗಿಯಿತು. ಎಲ್ಲವನ್ನೂ ಒಂದೇ ಬೋರ್ಡಿಗೆ ಸಿಕ್ಕಿಸುವುದು ಮೊದಲ ಚಿಕಿತ್ಸೆ. ಬ್ಯಾಲೆನ್ಸ್ಡ್ ಕೇಬಲ್ ಎರಡನೆಯದು: ಅದು ಒಂದೇ ಸಂಕೇತವನ್ನು ಎರಡು ತಂತಿಗಳಲ್ಲಿ ನೇರವಾಗಿಯೂ ತಲೆಕೆಳಗಾಗಿಯೂ ಒಯ್ಯುವುದರಿಂದ, ಎರಡರ ಮೇಲೂ ಸಮನಾಗಿ ಬಿದ್ದ ಗದ್ದಲ ಕೊನೆಯಲ್ಲಿ ತಾನೇ ಕಳೆದುಹೋಗುತ್ತದೆ. ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿಯುವ ಪಂಥವೊಂದಿದೆ. ಅದು ರೋಗಕ್ಕೆ ಮುಂಚೆ ವೈದ್ಯರನ್ನು ಕಳೆಯಬಲ್ಲದ್ದರಿಂದ ನಿಷಿದ್ಧ.

4. ಚಟಪಟ ಮತ್ತು ವಿಳಂಬ

ಇವೆರಡೂ ಬಫರ್ ಎಂಬ, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕಟ್ಟಿ ಸಾಗಿಸುವ ಸ್ಯಾಂಪಲ್ಲುಗಳ ಮೂಟೆಯೆಂಬ, ಒಂದೇ ತಾಯಿಯ ಮಕ್ಕಳು. ಒಬ್ಬನಿಗೆ ಔಷಧ ಕೊಟ್ಟರೆ ಇನ್ನೊಬ್ಬ ಮಲಗುತ್ತಾನೆ. ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಅಲೆಯ ಅಳತೆ, ನಡೆಯುವಾಗ 64ರ ಬಫರ್ ಎಂದರೆ ಸುಮಾರು 1.3 ಮಿಲಿಸೆಕೆಂಡ್, 1,024ರದು ಸುಮಾರು 21. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಇದು ತಗಲುತ್ತದೆ. ಬಫರ್ ಕಿರಿದಾದರೆ ಪ್ರೊಸೆಸರಿಗೆ ಉಸಿರು ಸಾಲದೆ ಒಗ್ಗರಣೆಯ ಸದ್ದು ಬರುತ್ತದೆ. ಹಿರಿದಾದರೆ ಗಾಯಕರು ತಮ್ಮದೇ ದನಿಯನ್ನು ಹಿಂದಿನಿಂದ ಕೇಳುತ್ತ, ತಾಳವನ್ನು ಅದಕ್ಕೆ ಹೊಂದಿಸಲು ಹೋಗಿ ಸಮವನ್ನು ಕಳೆದುಕೊಳ್ಳುತ್ತಾರೆ. ರೆಕಾರ್ಡ್ ಮಾಡುವಾಗ ಕಿರಿದು, ಮಿಕ್ಸ್ ಮಾಡುವಾಗ ಹಿರಿದು ಎಂಬುದು ನಿಯಮ. ಡಬ್ಬಿಯಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿಯಿದ್ದರೆ ದನಿ ಕಂಪ್ಯೂಟರಿಗೆ ಹೋಗಿಬರದೆ ನೇರ ಕಿವಿಗೆ ಬರುವುದರಿಂದ ವಿಳಂಬದ ಪ್ರಶ್ನೆಯೇ ಏಳುವುದಿಲ್ಲ. ಕಿರಿದಲ್ಲದ ಬಫರಿನಲ್ಲೂ ಚಟಪಟ ನಿಲ್ಲದಿದ್ದರೆ ವೈಫೈ ಆರಿಸಿ ನೋಡುವುದು; ಅದರ ಡ್ರೈವರು ಸರದಿ ತಪ್ಪಿಸಿ ಪ್ರೊಸೆಸರಿನ ಮುಂದೆ ನಿಲ್ಲುವುದುಂಟು.

5. ಶ್ರುತಿಭ್ರಂಶ

ಸಿಡಿಯ ಲೆಕ್ಕ ಸೆಕೆಂಡಿಗೆ 44,100 ಸ್ಯಾಂಪಲ್, ವಿಡಿಯೋದ ಲೆಕ್ಕ 48,000. ಮೊದಲನೆಯದರಲ್ಲಿ ಹಾಡಿದ್ದನ್ನು ಎರಡನೆಯದರ ವೇಗದಲ್ಲಿ ಬಾರಿಸಿದರೆ ನಾಲ್ಕು ನಿಮಿಷದ ಕೀರ್ತನೆ 3 ನಿಮಿಷ 40 ಸೆಕೆಂಡಿನಲ್ಲಿ, ಒಂದು ಸಂಗತಿಯೂ ಬಿಟ್ಟುಹೋಗದೆ, ಮುಗಿಯುತ್ತದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಬಿಳಿ ಒಂದರಲ್ಲಿ ಹಾಡಿದವರು ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ, ಹಾರ್ಮೋನಿಯಮ್ಮಿನಲ್ಲಿ ಮನೆಯೇ ಇಲ್ಲದ ಜಾಗದಲ್ಲಿ, ನಿಂತಿರುತ್ತಾರೆ. ಡಬ್ಬಿ, ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್ ಮೂರರಲ್ಲೂ ಒಂದೇ ಅಂಕಿ ಇರಿಸಿದರೆ ಭ್ರಂಶ ನಿವಾರಣೆ. ಗುರುಗಳಿಗೆ ಫೈಲ್ ಕಳಿಸುವ ಮೊದಲು ಇರಿಸುವುದು ಕ್ಷೇಮ.

6. ಪೂರ್ವಪಕ್ಷ ಮತ್ತು ಸಿದ್ಧಾಂತ

ಚಿಕಿತ್ಸಕರಲ್ಲಿ ಮೂರು ಪಂಥ. ಹೊಸ ಡಬ್ಬಿಯೇ ಪರಿಹಾರವೆನ್ನುವವರು ಕ್ರಯವಾದಿಗಳು. ಇವರ ಹಳೆಯ ಚಾರ್ಜಿಂಗ್ ಕೇಬಲ್ ಹೊಸ ಡಬ್ಬಿಗೂ ಸೇವೆ ಸಲ್ಲಿಸುತ್ತದೆ. ಮೊದಲ ಹೆಜ್ಜೆಗೇ ವಿಂಡೋಸನ್ನು ಅಳಿಸುವವರು ಪ್ರಳಯವಾದಿಗಳು. ಆಫ್ ಮಾಡಿ ಆನ್ ಮಾಡೆನ್ನುವವರು ಪುನರ್ಜನ್ಮವಾದಿಗಳು. ತರ್ಕದಲ್ಲಿ ಇವರಷ್ಟು ದುರ್ಬಲರಿಲ್ಲ, ಫಲದಲ್ಲಿ ಇವರಷ್ಟು ಪ್ರಬಲರಿಲ್ಲ. ಏಕೆಂದರೆ ಆರಿಸಿ ಹೊತ್ತಿಸಿದಾಗ ಕಂಪ್ಯೂಟರ್ ಡಬ್ಬಿಯನ್ನು ಹೊಸದಾಗಿ ಗುರುತಿಸಿ ಡ್ರೈವರನ್ನು ಮೊದಲಿನಿಂದ ಎಬ್ಬಿಸುತ್ತದೆ.

ಸಿದ್ಧಾಂತವಿದು: ಮೊದಲು ಕೇಬಲ್, ಆಮೇಲೆ ಪೋರ್ಟು, ನಾಬು, 48 ಓಲ್ಟಿನ ಗುಂಡಿ, ಡೀಫಾಲ್ಟ್ ಸಾಧನ, ಸ್ಯಾಂಪಲ್ ದರ, ಬಫರ್, ಡ್ರೈವರ್. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿ ಗುಣ ಕಂಡವರಿಗೆ ಗುಣ ಸಿಗುತ್ತದೆ, ಜ್ಞಾನ ಸಿಗುವುದಿಲ್ಲ. ನಾಬು ಸೊನ್ನೆಯಲ್ಲಿದೆಯೇ ಎಂದು ನೋಡದೆ ವಿಂಡೋಸನ್ನು ಅಳಿಸಿ ಮತ್ತೆ ಹಾಕಿದವರಿಗೆ ಬೇರೆ ಪ್ರಾಯಶ್ಚಿತ್ತವಿಲ್ಲ. ಅಳಿಸಿ ಮತ್ತೆ ಹಾಕಿದ್ದೇ ಪ್ರಾಯಶ್ಚಿತ್ತ.